ಕಲಬುರಗಿಯ ರದ್ದಿ ಅಂಗಡಿಯಲ್ಲಿ ಪುಸ್ತಕ ಹುಡುಕೋದು ಹೇಗೆ? ಮೊದಲು ಅಕ್ಕನನ್ನ ಕರಕೊಂಡು ಹೋಗಿ

ಅಕ್ಕ "ಬ್ಯಾಡ" ಅಂದ ಪುಸ್ತಕಗಳನ್ನೆಲ್ಲ ಮನೆಗೆ ತಂದಿದ್ದರೆ ನಾನೀಗ ಅಂಗಳದಲ್ಲಿ ಹಾಸಿಗೆ ಹಾಸಬೇಕಾಗುತ್ತಿತ್ತು. ಸುಮಾರು ಹನ್ನೆರಡು ವರ್ಷದಿಂದ ನಾವಿಬ್ಬರೂ ಕಲಬುರಗಿಯ ರದ್ದಿ ಅಂಗಡಿ, ಫುಟ್‌ಪಾತಿನ ಹಳೇ ಪುಸ್ತಕದ ರಾಶಿ, ಖಾಲಿ ಮಾಡುತ್ತಿರುವ ಮನೆಗಳ ಅಟ್ಟ ಎಲ್ಲವನ್ನೂ ಜಾಲಾಡುತ್ತ ಬಂದಿದ್ದೇವೆ. ನಾನು ಕಂಡದ್ದನ್ನೆಲ್ಲ ಎತ್ತಿಕೊಳ್ಳುವವನು, ಆಕೆ ಎತ್ತಿಕೊಂಡದ್ದನ್ನೆಲ್ಲ ವಾಪಸ್ ಇಡಿಸುವವಳು. ಈ ಕೆಲಸಕ್ಕೆ ಹೊಸದಾಗಿ ಇಳಿಯುವವರಿಗೆ ನನ್ನ ಮೊದಲ ಮಾತು ಇದೇ: ಒಬ್ಬರೇ ಹೋಗಬೇಡಿ. "ಬ್ಯಾಡ" ಅನ್ನುವವರೊಬ್ಬರು ಪಕ್ಕದಲ್ಲಿರಲಿ. ಅಕ್ಕನೋ ತಂಗಿಯೋ ಆದರೆ ಛಲೋ. ಗೆಳೆಯರು ಮುಲಾಜಿಗೆ ಬಿದ್ದು "ಇರಲಿ ತಗೋ" ಅಂದುಬಿಡುತ್ತಾರೆ. ಒಡಹುಟ್ಟಿದವರಿಗೆ ಆ ಮುಲಾಜು ಇರೋದಿಲ್ಲ.

ದೊಡ್ಡ ಊರುಗಳಲ್ಲಿ ಹಳೆಯ ಸಾಮಾನಿಗೆಂದೇ ಚಂದದ ಅಂಗಡಿಗಳು ಇರುತ್ತವಂತೆ. ನಮ್ಮಲ್ಲಿ ಆ ಕೆಲಸ ಮಾಡೋದು ರದ್ದಿ ಅಂಗಡಿ. ಅಲ್ಲಿ ಕಪಾಟಿಲ್ಲ, ವಿಷಯವಾರು ಜೋಡಣೆ ಇಲ್ಲ, ಗೋಣಿಚೀಲ ಇದೆ. ಹಾಗಾಗಿ ಹುಡುಕುವ ರೀತಿಯೂ ಬೇರೆ.

ಯಾವಾಗ ಹೋಗಬೇಕು

ಎಲ್ಲಿಗೆ ಅನ್ನೋದಕ್ಕಿಂತ ಯಾವಾಗ ಅನ್ನೋದು ಮುಖ್ಯ. ರದ್ದಿಗೂ ಸುಗ್ಗಿ ಇದೆ. ಯುಗಾದಿಗೂ ದೀಪಾವಳಿಗೂ ಮುಂಚಿನ ಎರಡು ವಾರ ಮನೆಮನೆಯಲ್ಲಿ ಸುಣ್ಣ ಬಣ್ಣ, ಅಟ್ಟ ಖಾಲಿ. ಮಾರ್ಚ್‌ನಿಂದ ಮೇ ತನಕ ಪರೀಕ್ಷೆ ಮುಗಿಸಿದ ಮಕ್ಕಳ ಪುಸ್ತಕ. ಮೇ-ಜೂನ್‌ನಲ್ಲಿ ವರ್ಗಾವಣೆಯಾದ ನೌಕರರು ಊರು ಬಿಡುವಾಗ ಹೊರಲಾರದೆ ಬಿಟ್ಟುಹೋದದ್ದು. ವಿಶ್ವವಿದ್ಯಾಲಯದ ಹಾಸ್ಟೆಲುಗಳು ಖಾಲಿಯಾಗುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಸೇಡಂ ರಸ್ತೆಯ ಗುಲ್ಬರ್ಗ ವಿಶ್ವವಿದ್ಯಾಲಯ ಶುರುವಾದದ್ದು 1980ರಲ್ಲಿ. ಅಲ್ಲಿ ಕಲಿತು ಇದೇ ಊರಲ್ಲಿ ಉಳಿದು ನಿವೃತ್ತರಾದ ಮೇಷ್ಟ್ರುಗಳು ಒಂದು ತಲೆಮಾರಿನಷ್ಟಿದ್ದಾರೆ. ಅಂಥವರ ಮನೆಯವರು ಜಾಗ ಸಾಲದು ಅಂತ ಹೊರಹಾಕುವ ಪುಸ್ತಕಗಳೇ ನಮ್ಮ ಒಳ್ಳೆಯ ಬೇಟೆ.

ಇನ್ನೊಂದು ಮಾತು ಹೇಳಿದರೆ ನಗಬೇಡಿ. 2020ರ ಫೆಬ್ರವರಿಯಲ್ಲಿ 85ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಮ್ಮೂರಲ್ಲೇ ನಡೆಯಿತಲ್ಲ, ಆಗ ಜನ ಚೀಲ ತುಂಬ ಪುಸ್ತಕ ಕೊಂಡರು. ನಾಲ್ಕೈದು ವರ್ಷ ಶೋಕೇಸಿನಲ್ಲಿ ಕೂತು ಬೇಸತ್ತ ಆ ಪುಸ್ತಕಗಳು ಈಗೀಗ ರದ್ದಿಗೆ ಇಳಿಯುತ್ತಿವೆ. ಒಂದು ಪುಟವೂ ಮಗುಚಿಲ್ಲ, ಒಳಗೆ ರಸೀದಿ ಹಾಗೇ ಇರುತ್ತದೆ.

ದಿನದ ಹೊತ್ತಿನ ಬಗ್ಗೆ: ನಮ್ಮ ಬಿಸಿಲು ನಿಮಗೆ ಗೊತ್ತೇ ಇದೆ. ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟುವ ಊರಲ್ಲಿ ತಗಡಿನ ಶೆಡ್ಡಿನ ಕೆಳಗೆ ಮಧ್ಯಾಹ್ನ ಕೂತು ರಾಶಿ ಕೆದಕಿದರೆ ಪುಸ್ತಕ ಸಿಗೋದಿಲ್ಲ, ಜ್ವರ ಸಿಗುತ್ತದೆ. ಅಂಗಡಿ ತೆರೆಯುತ್ತಲೇ ಹೋಗಿ. ಹಾಗೆ ಹೋಗೋದಕ್ಕೆ ಇನ್ನೊಂದು ಕಾರಣವೂ ಇದೆ. ನಾವು ಚಾಚಾ ಅಂತ ಕರೆಯುವ ರದ್ದಿಯವನ ಅಂಗಡಿಯಲ್ಲಿ ಹಿಂದಿನ ಸಂಜೆ ಗಾಡಿಯವರು ತಂದು ಸುರಿದದ್ದನ್ನ ಬೆಳಿಗ್ಗೆ ಹುಡುಗರು ಬೇರೆ ಮಾಡುತ್ತಾರೆ: ಪೇಪರ್ ಒಂದು ಕಡೆ, ನೋಟ್‌ಬುಕ್ಕಿನ ಬಿಳಿ ಹಾಳೆ ಒಂದು ಕಡೆ, ರಟ್ಟು ಇನ್ನೊಂದು ಕಡೆ. ದಪ್ಪ ರಟ್ಟಿನ ಪುಸ್ತಕ ಕೈಗೆ ಸಿಕ್ಕರೆ ಚರ್ರನೆ ರಟ್ಟು ಕಿತ್ತು ಎಸೆಯುತ್ತಾರೆ, ಯಾಕೆಂದರೆ ರಟ್ಟಿನ ದರ ಬೇರೆ. ಆ "ಚರ್ರ್" ಶಬ್ದಕ್ಕಿಂತ ಮುಂಚೆ ನೀವಲ್ಲಿರಬೇಕು.

ಎಲ್ಲಿಗೆ ಅಂತೀರಾ? ನಿಮ್ಮ ಬಡಾವಣೆಯ ರದ್ದಿ ಅಂಗಡಿಯಿಂದಲೇ ಶುರು ಮಾಡಿ. ಸೂಪರ್ ಮಾರ್ಕೆಟ್ ಅನ್ನೋ ಪೇಟೆ, ಸ್ಟೇಷನ್ ರಸ್ತೆ ಕಡೆ ಹೋದಾಗ ಫುಟ್‌ಪಾತಿನ ಮೇಲೆ ಕಣ್ಣಿಡಿ. ಹತ್ತು ಅಂಗಡಿಗೆ ವರ್ಷಕ್ಕೊಮ್ಮೆ ಹೋಗೋದಕ್ಕಿಂತ ಎರಡೇ ಅಂಗಡಿಗೆ ಹದಿನೈದು ದಿನಕ್ಕೊಮ್ಮೆ ಹೋಗೋದು ಲಾಭ. ಮೂರನೇ ಸಲಕ್ಕೆ ಅಂಗಡಿಯವರಿಗೆ ನಿಮ್ಮ ಮುಖ ನೆನಪಿರುತ್ತದೆ, ಆರನೇ ಸಲಕ್ಕೆ ಪುಸ್ತಕ ತೆಗೆದಿಡುತ್ತಾರೆ. ನಮ್ಮ ಚಾಚಾ ಈಗ ಅಕ್ಕನ ನಂಬರಿಗೆ ಫೋಟೋ ಕಳಿಸುತ್ತಾನೆ. ನನಗೆ ಕಳಿಸೋದಿಲ್ಲ. ನಾನು ಎಲ್ಲದಕ್ಕೂ ಹೂಂ ಅಂತೀನಿ ಅಂತ ಅವನಿಗೂ ಗೊತ್ತು.

ಚೀಲದಲ್ಲಿ ಏನೇನು

ಗಟ್ಟಿ ಬಟ್ಟೆಚೀಲ ಎರಡು, ಚಿಲ್ಲರೆ ನೋಟು, ನೀರು, ಮೂಗಿಗೆ ಮಾಸ್ಕು, ಧೂಳು ಒರೆಸಲು ಹಳೇ ಬಟ್ಟೆ, ಒಂದು ಪೆನ್ಸಿಲ್. ಮನೆಯ ಕಪಾಟಿನ ಫೋಟೋ ಮೊಬೈಲಿನಲ್ಲಿರಲಿ, ಒಂದೇ ಪುಸ್ತಕ ಎರಡೆರಡು ಸಲ ತರೋದು ತಪ್ಪುತ್ತದೆ. ಒಳ್ಳೆಯ ಅಂಗಿ ಹಾಕಿಕೊಂಡು ಹೋಗಬೇಡಿ: ಬಟ್ಟೆಯೂ ಕೆಡುತ್ತದೆ, ದರವೂ ಏರುತ್ತದೆ.

ರಾಶಿಯ ಮುಂದೆ ಕೂತಾಗ

ಇಬ್ಬರೂ ಒಂದೇ ಚೀಲಕ್ಕೆ ಕೈ ಹಾಕಬಾರದು. ನಮ್ಮಲ್ಲಿ ನಾನು ಕೆದಕುವವನು, ಅಕ್ಕ ಪರೀಕ್ಷೆ ಮಾಡುವವಳು. ನಾನು ಬೆನ್ನು ನೋಡಿ, ಹೆಸರು ನೋಡಿ ಆಸೆಯಾದದ್ದನ್ನೆಲ್ಲ ಎಡಗಡೆ ಪೇರಿಸುತ್ತ ಹೋಗುತ್ತೇನೆ. ಒಳಗೆ ತೆರೆದು ಓದೋದಿಲ್ಲ. ಓದುತ್ತ ಕೂತರೆ ಗಂಟೆ ಹೋಗುತ್ತದೆ, ಪುಸ್ತಕದ ಮೇಲೆ ಪ್ರೀತಿಯೂ ಹುಟ್ಟುತ್ತದೆ. ಪ್ರೀತಿ ಹುಟ್ಟಿದ ಮೇಲೆ ಪರೀಕ್ಷೆ ಮಾಡೋದು ಕಷ್ಟ. ಅಕ್ಕ ಸ್ಟೂಲು ಎಳೆದುಕೊಂಡು ಆ ಗುಡ್ಡೆಯನ್ನ ಒಂದೊಂದಾಗಿ ತೆಗೆದು ನೋಡುತ್ತಾಳೆ. ಪಾಸಾದದ್ದು ಬಲಗಡೆ, ನಪಾಸಾದದ್ದು ಮತ್ತೆ ಚೀಲಕ್ಕೆ.

ಅಕ್ಕ ಮೊದಲು ನೋಡೋದು ಹೊದಿಕೆಯನ್ನಲ್ಲ, ಹೊಲಿಗೆಯನ್ನ. ಪುಸ್ತಕವನ್ನ ಅಂಗೈ ಮೇಲೆ ಬೆನ್ನಿನಡಿಯಾಗಿ ಇಟ್ಟು ತಾನಾಗಿ ತೆರೆದುಕೊಳ್ಳಲು ಬಿಡುತ್ತಾಳೆ. ಯಾವ ಜಾಗದಲ್ಲಿ ಹಾಳೆ ಸಡಿಲವಾಗಿದೆಯೋ ಅಲ್ಲಿಗೇ ತೆರೆದುಕೊಳ್ಳುತ್ತದೆ. ಆಮೇಲೆ ಫಾರಂ ಎಣಿಕೆ. ಇದು ಬಹಳ ಜನಕ್ಕೆ ಗೊತ್ತಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪುಸ್ತಕ ಅಚ್ಚಾಗೋದು ಒಂದೊಂದೇ ಪುಟವಾಗಿ ಅಲ್ಲ. ದೊಡ್ಡ ಹಾಳೆಯ ಎರಡೂ ಬದಿ ಮುದ್ರಿಸಿ, ಮಡಚಿ, ಹೊಲಿಯುತ್ತಾರೆ. ನಮ್ಮ ಕಾದಂಬರಿ, ಕಥಾಸಂಕಲನಗಳ ಮಾಮೂಲಿ ಅಳತೆ ಡೆಮಿ 1/8 ಅಥವಾ ಕ್ರೌನ್ 1/8, ಅಂದರೆ ಒಂದು ಹಾಳೆಗೆ 8 ಎಲೆ, 16 ಪುಟ. ಆ ಹದಿನಾರು ಪುಟದ ಗಂಟೇ ಒಂದು ಫಾರಂ. ಹಳೆಯ ಪುಸ್ತಕಗಳಲ್ಲಿ ಪ್ರತಿ ಫಾರಂನ ಮೊದಲ ಪುಟದ ಅಡಿಯಲ್ಲಿ ಸಣ್ಣದಾಗಿ ಒಂದು ಅಂಕಿ ಇರುತ್ತದೆ. ಪುಟ 17ರ ಕೆಳಗೆ 2, ಪುಟ 33ರ ಕೆಳಗೆ 3, ಹೀಗೆ. ಆ ಅಂಕಿಗಳನ್ನಷ್ಟೇ ನೋಡುತ್ತ ಹೋದರೆ ಇಡೀ ಪುಸ್ತಕದ ಪುಟ ಸರಿಯಾಗಿವೆಯೋ ಇಲ್ಲವೋ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ.

ಇದನ್ನ ನಾನು ಕಲಿತದ್ದು ಪೆಟ್ಟು ತಿಂದು. ಒಮ್ಮೆ ಅಕ್ಕನನ್ನ ಬಿಟ್ಟು ಒಬ್ಬನೇ ಹೋಗಿ ಮೂವತ್ತು ರೂಪಾಯಿಗೆ ಒಂದು ಪತ್ತೇದಾರಿ ಕಾದಂಬರಿ ತಂದೆ. ಮೊದಲ ಪುಟ ಇತ್ತು, ಹಿಂದಿನ ರಟ್ಟು ಇತ್ತು, ದಪ್ಪ ಸರಿಯಾಗೇ ಇತ್ತು. ರಾತ್ರಿ ಕೂತು ಓದುತ್ತ 160ನೇ ಪುಟಕ್ಕೆ ಬಂದೆ. ಪತ್ತೇದಾರ ಎಲ್ಲರನ್ನೂ ಕೋಣೆಗೆ ಕರೆದು ಬಾಗಿಲು ಹಾಕಿದ. ಪುಟ ಮಗುಚಿದರೆ ಮತ್ತೆ 145. ಬೈಂಡಿಂಗಿನವರು ಹತ್ತನೇ ಫಾರಂ ಎರಡು ಸಲ ಹೊಲಿದು ಹನ್ನೊಂದನೆಯದನ್ನ ಮರೆತಿದ್ದರು. ಕೊಲೆಗಾರ ಯಾರಂತ ನನಗೆ ಇವತ್ತಿನವರೆಗೂ ಗೊತ್ತಿಲ್ಲ. ಅಕ್ಕನಿಗೆ ಹೇಳಿದಾಗ "ಅಡುಗಿ ಭಟ್ಟ ಇರಬೇಕು ಬಿಡು" ಅಂದಳು.

ಇಸವಿ ಇಲ್ಲದ ಪುಸ್ತಕದ ವಯಸ್ಸು

ಹೊದಿಕೆ ಹರಿದು, ಮೊದಲೆರಡು ಹಾಳೆ ಹೋಗಿರುವ ಪುಸ್ತಕಗಳು ಬಹಳ. ಆಗ ವಯಸ್ಸು ಪತ್ತೆ ಮಾಡೋದೇ ಈ ಕೆಲಸದ ರುಚಿ. ಬೆಲೆ ಎಲ್ಲಾದರೂ ಉಳಿದಿದ್ದರೆ ಅಲ್ಲಿಂದ ಶುರು ಮಾಡಿ. "1-8-0" ಅಂತಿದ್ದರೆ ಒಂದು ರೂಪಾಯಿ ಎಂಟಾಣೆ. ಅದು ಸಾಮಾನ್ಯವಾಗಿ 1957ಕ್ಕಿಂತ ಹಿಂದಿನದು, ಯಾಕೆಂದರೆ ಆ ವರ್ಷ ಏಪ್ರಿಲ್ 1ರಿಂದ ದಶಮಾಂಶ ನಾಣ್ಯ ಬಂತು. "ನ.ಪೈ." ಅಂದರೆ ನಯೇ ಪೈಸೆ ಅಂತಿದ್ದರೆ 1957ರಿಂದ 1964ರ ನಡುವಿನದು. ವಿಳಾಸದಲ್ಲಿ "ಬೆಂಗಳೂರು-2" ಅಂತ ಬರೀ ಒಂದಂಕಿ ಇದ್ದರೆ ಹೆಚ್ಚಾಗಿ 1972ರ ಹಿಂದಿನದು. ಆರಂಕಿಯ ಪಿನ್‌ಕೋಡ್ ಬಂದದ್ದು ಆ ವರ್ಷದ ಆಗಸ್ಟ್ 15ಕ್ಕೆ. "ಮೈಸೂರು ರಾಜ್ಯ" ಅಂತಿದ್ದರೆ 1973ರ ನವೆಂಬರ್ 1ಕ್ಕಿಂತ ಮುಂಚಿನದು. 978ರಿಂದ ಶುರುವಾಗುವ ಹದಿಮೂರು ಅಂಕಿಯ ಐಎಸ್‌ಬಿಎನ್ ಇದ್ದರೆ 2007ರ ಆಸುಪಾಸಿನದು ಇಲ್ಲವೇ ಈಚಿನದು.

ಇದ್ಯಾವುದೂ ಇಲ್ಲವಾ? ಕಣ್ಣು ಮುಚ್ಚಿ ಪುಟದ ಹಿಂಬದಿ ಬೆರಳಾಡಿಸಿ. ಸೀಸದ ಮೊಳೆ ಜೋಡಿಸಿ ಅಚ್ಚು ಒತ್ತಿದ ಪುಸ್ತಕವಾದರೆ ಅಕ್ಷರ ಹಿಂಬದಿಗೆ ಉಬ್ಬಿ ಬೆರಳಿಗೆ ತರಿತರಿ ಹತ್ತುತ್ತದೆ. ಆಮೇಲೆ ಬಂದ ಆಫ್‌ಸೆಟ್ ಮುದ್ರಣದ ಪುಸ್ತಕವಾದರೆ ಪುಟ ನುಣ್ಣಗಿರುತ್ತದೆ.

ನಮ್ಮ ಭಾಗಕ್ಕೇ ಸೇರಿದ ಒಂದು ಲೆಕ್ಕ ಬೇರೆ ಇದೆ. ಕಲಬುರಗಿ, ಬೀದರ್, ಯಾದಗಿರಿ ಎಲ್ಲವೂ 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು. ಶಾಲೆ-ಕಚೇರಿ ಹೆಚ್ಚಾಗಿ ಉರ್ದುವಿನಲ್ಲಿ. ಹಾಗಾಗಿ ಹಳೇ ಮನೆಗಳ ಅಟ್ಟದಿಂದ ಬರುವ ಗಂಟಿನಲ್ಲಿ ಉರ್ದು ಪಠ್ಯ, ಲೆಕ್ಕದ ಪುಸ್ತಕ, ಕಾನೂನು ಪುಸ್ತಕ ಸಿಕ್ಕೇ ಸಿಗುತ್ತವೆ. ಅವುಗಳ ಮೇಲೆ ಇಸವಿಯ ಬದಲು ಫಸಲಿ ವರ್ಷ, ಅಂದರೆ ನಿಜಾಮರ ಆಡಳಿತದ ಕಂದಾಯ ವರ್ಷ ಇರಬಹುದು. ಅದಕ್ಕೆ 590 ಕೂಡಿಸಿದರೆ ಇಸವಿ ಬರುತ್ತದೆ. ಕನ್ನಡ ಪುಸ್ತಕದಲ್ಲಿ ಶಕೆ ಅಂತಿದ್ದರೆ 78 ಕೂಡಿಸಿ. ಒಂದು ದಿನ ನಾನು ಉರ್ದು ಪುಸ್ತಕವೊಂದನ್ನ ಹಿಡಿದು, ಮುಖಪುಟವೇ ಹೋಗಿದೆ ಅಂತ ಗೊಣಗುತ್ತಿದ್ದೆ. ಚಾಚಾ ಕೈಯಿಂದ ಕಸಿದುಕೊಂಡು ತಿರುಗಿಸಿ ಇಟ್ಟ. ಬಲದಿಂದ ಎಡಕ್ಕೆ ಓದುವ ಪುಸ್ತಕದ ಮುಖ ಎಲ್ಲಿರುತ್ತದೆ ಹೇಳಿ! "ಸಾಬ್, ಇದು ಹಿಸಾಬಿನ ಕಿತಾಬ್. ತೇರಾ ಸೌ ಬಾವನ್ ಫಸಲಿ" ಅಂದ. ಅಕ್ಕ ಅಲ್ಲೇ ಬಾಯಿಲೆಕ್ಕ ಹಾಕಿದಳು: 1352ಕ್ಕೆ 590 ಕೂಡಿಸಿದರೆ 1942. ನಮ್ಮ ಅಜ್ಜ ಶಾಲೆಗೆ ಹೋಗುತ್ತಿದ್ದ ಕಾಲ. ಅಜ್ಜ ಮಗ್ಗಿ ಹೇಳುತ್ತಿದ್ದದ್ದು ಉರ್ದುವಿನಲ್ಲಿ, ಬೈಯುತ್ತಿದ್ದದ್ದು ಕನ್ನಡದಲ್ಲಿ. ನಮ್ಮಿಬ್ಬರಿಗೂ ಒಂದಕ್ಷರ ಓದಲು ಬಾರದ ಆ ಪುಸ್ತಕಕ್ಕೆ ಮಾತ್ರ ಅಕ್ಕ "ಬ್ಯಾಡ" ಅನ್ನಲಿಲ್ಲ.

ಹೀಗೇ ಬಿಡಬಾರದ ಇನ್ನೊಂದು ಜಾತಿ ಇದೆ: ಜಾತ್ರೆಯಲ್ಲಿ ಮಾರುವ ತೆಳ್ಳನೆಯ ಪದದ ಪುಸ್ತಕಗಳು. ತತ್ವಪದ, ಭಜನಾಪದ, ಡೊಳ್ಳಿನ ಪದ, ಪುರಾಣದ ಸಾರ. ಕಡಕೋಳ ಮಡಿವಾಳಪ್ಪನವರಂಥ ತತ್ವಪದಕಾರರ ನಾಡು ಇದು. ಭಜನಾ ಮೇಳದವರು ಕೈಯಲ್ಲಿ ಹಿಡಿದು ಹಾಡಿದ ಇಂಥ ಪುಸ್ತಕಗಳು ಅಗ್ಗದ ಕಾಗದದ ಮೇಲೆ, ಊರಿನ ಸಣ್ಣ ಮುದ್ರಣಾಲಯಗಳಲ್ಲಿ ಅಚ್ಚಾದವು. ಎರಡು ಪಿನ್ನು ಹೊಡೆದದ್ದು ಬಿಟ್ಟರೆ ಬೈಂಡಿಂಗ್ ಇಲ್ಲ. ರದ್ದಿಯವರಿಗೆ ಇವು ತೂಕಕ್ಕೂ ಬಾರದ ಕಸ. ದೊಡ್ಡ ಕಾದಂಬರಿ ಇವತ್ತಲ್ಲ ನಾಳೆ ಮರುಮುದ್ರಣವಾಗುತ್ತದೆ, ಇವು ಹೋದರೆ ಹೋದವೇ. ಸಮ್ಮೇಳನಗಳ ಸ್ಮರಣ ಸಂಚಿಕೆ, ಊರಿನ ಶಾಲೆಯ ವಾರ್ಷಿಕ ಸಂಚಿಕೆಗಳೂ ಹಾಗೇ. ಕಂಡರೆ ಎತ್ತಿಕೊಳ್ಳಿ, ಅಕ್ಕ ಏನೇ ಅನ್ನಲಿ.

ಎಷ್ಟೇ ಅಗ್ಗವಾದರೂ ಬೇಡ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ರದ್ದಿಗೆ ಬಂದು ಗೈಡು ಹುಡುಕೋದು ಸಹಜ. ಆದರೆ ಸಾಮಾನ್ಯ ಜ್ಞಾನದ ಹಳೇ ಪುಸ್ತಕ ಹಾಲಿನ ಹಾಗೆ, ಬೇಗ ಕೆಡುತ್ತದೆ. ಕೆಟ್ಟಿದೆಯೋ ಇಲ್ಲವೋ ನೋಡಲು ಅಕ್ಕನ ಬಳಿ ಒಂದು ಉಪಾಯ ಇದೆ: ಕರ್ನಾಟಕದ ಜಿಲ್ಲೆಗಳ ಪುಟ ತೆರೆಯುತ್ತಾಳೆ. 27 ಜಿಲ್ಲೆ ಅಂತಿದ್ದರೆ 2007ಕ್ಕಿಂತ ಹಿಂದಿನದು. ಯಾದಗಿರಿ ಹೆಸರಿಲ್ಲದಿದ್ದರೆ 2009ರ ಡಿಸೆಂಬರ್ 30ಕ್ಕಿಂತ ಮುಂಚಿನದು, ಅವತ್ತೇ ನಮ್ಮಿಂದ ಅದು ಬೇರೆ ಜಿಲ್ಲೆಯಾದದ್ದು. 30 ಅಂತಿದ್ದರೆ ವಿಜಯನಗರ ಜಿಲ್ಲೆ ಆಗುವ ಮುಂಚಿನದು, ಅಂದರೆ 2021ಕ್ಕಿಂತ ಹಳೆಯದು. ನಮ್ಮ ಊರಿನ ಹೆಸರು ಹೇಗೆ ಬರೆದಿದ್ದಾರೆ ಅನ್ನೋದೂ ಒಂದು ಗುರುತು. "ಗುಲ್ಬರ್ಗ" ಹೋಗಿ "ಕಲಬುರಗಿ" ಸರ್ಕಾರಿ ಹೆಸರಾದದ್ದು 2014ರ ನವೆಂಬರ್ 1ಕ್ಕೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ 371(ಜೆ) ವಿಧಿಯ ಬಗ್ಗೆ ಚಕಾರವಿಲ್ಲದ ಸಂವಿಧಾನದ ಗೈಡನ್ನ ನಮ್ಮ ಭಾಗದ ಅಭ್ಯರ್ಥಿ ಮುಟ್ಟಲೇಬಾರದು.

ಕಾನೂನು ಪುಸ್ತಕಗಳ ಕಥೆ ಇನ್ನೂ ಕೆಟ್ಟದು. ಭಾರತೀಯ ದಂಡ ಸಂಹಿತೆ, ಸಿಆರ್‌ಪಿಸಿ, ಸಾಕ್ಷ್ಯ ಅಧಿನಿಯಮ ಮೂರೂ ಹೋಗಿ 2024ರ ಜುಲೈ 1ರಿಂದ ಹೊಸ ಸಂಹಿತೆಗಳು ಜಾರಿಗೆ ಬಂದವು. ಆಮೇಲೆ ರದ್ದಿ ಅಂಗಡಿಗಳಲ್ಲಿ ದಪ್ಪ ದಪ್ಪ ಕಾನೂನು ಪುಸ್ತಕಗಳ ಮಳೆಯೇ ಸುರಿಯಿತು. ಎಲ್‌ಎಲ್‌ಬಿ ಸೇರಿದ್ದ ಸೋದರಮಾವನ ಮಗನಿಗೆ ಅಂತ ನಾನು ಚಿನ್ನದಕ್ಷರದ ಬೆನ್ನಿನ ಒಂದು ಸೆಟ್ ತಂದುಕೊಟ್ಟೆ. ಅವನು ಅದನ್ನ ಕಂಪ್ಯೂಟರ್ ಮಾನಿಟರ್ ಕೆಳಗೆ ಇಟ್ಟುಕೊಂಡಿದ್ದಾನೆ. ಎತ್ತರ ಸರಿಹೋಗಿದೆಯಂತೆ.

ಗ್ರಂಥಾಲಯದ ಮೊಹರು ಇರುವ ಪುಸ್ತಕ ಸಿಕ್ಕರೆ, ಅದರ ಮೇಲೆ ರದ್ದು ಮಾಡಿದ ಮೊಹರು ಅಥವಾ ಸಹಿ ಇದೆಯೇ ನೋಡಿ. ಇಲ್ಲದಿದ್ದರೆ ಅದು ಯಾರೋ ಒಯ್ದು ಕೊಡದೆ ಉಳಿಸಿಕೊಂಡದ್ದು ಇರಬಹುದು. ನಾವು ಅಂಥದ್ದನ್ನ ಎರಡು ಸಲ ಕೊಂಡು ಆಯಾ ಗ್ರಂಥಾಲಯಕ್ಕೇ ಮುಟ್ಟಿಸಿದ್ದೇವೆ. ಒಂದು ಕಡೆ ಧನ್ಯವಾದ ಅಂದರು, ಇನ್ನೊಂದು ಕಡೆ ದಂಡ ಕಟ್ಟು ಅಂದರು.

ಒರಲಿ ಹತ್ತಿದ ಪುಸ್ತಕ, ಹಾಳೆಯ ಮೂಲೆ ಮಡಚಿದರೆ ಹಪ್ಪಳದಂತೆ ಮುರಿಯುವ ಪುಸ್ತಕ, ಒಳಗೆ ಹಸಿರು-ಕಪ್ಪು ಬೂಷ್ಟು ಹಿಡಿದದ್ದು, ಇವೂ ಬೇಡ. ಮಳೆಗಾಲದಲ್ಲಿ ಚೀಲದ ತಳದಿಂದ ತೆಗೆದದ್ದನ್ನ ಮೂಸಿ ನೋಡಿಯೇ ಕೊಳ್ಳಿ.

ದರ ಮಾತಾಡೋದು

ಇದು ಪೂರ್ತಿ ಅಕ್ಕನ ಖಾತೆ. ನಿಯಮ ಎರಡೇ. ಒಂದು, ಮುಖದ ಮೇಲೆ ಖುಷಿ ಕಾಣಿಸಬಾರದು. ನನಗೆ ಇದು ಆಗೋದಿಲ್ಲ, ಹಾಗಾಗಿ ದರದ ಹೊತ್ತಿಗೆ ನನ್ನನ್ನ ಚಹಾ ತರಲು ಕಳಿಸುತ್ತಾಳೆ. ಎರಡು, ಒಂದೊಂದರ ದರ ಕೇಳಬಾರದು, ಗುಡ್ಡೆಯ ದರ ಕೇಳಬೇಕು. ಒಂದೊಂದಾಗಿ ಕೇಳಿದರೆ ಅಂಗಡಿಯವರೂ ಒಂದೊಂದನ್ನೂ ತಿರುಗಿಸಿ ನೋಡಿ ಹೇಳುತ್ತಾರೆ.

"ಚಾಚಾ, ಇವಿಷ್ಟಕ್ಕ ಎಷ್ಟು?"

"ಕಾಟಾ ಮ್ಯಾಲ ಇಡ್ರೀ ಅಕ್ಕಾವ್ರ."

"ಕಾಟಾ ಬ್ಯಾಡ, ಬಾಯ್ಲೆ ಹೇಳ್ರಿ. ಇದರ ರಟ್ಟ ನೋಡ್ರಿ, ಹೆಂಗ ಹರದದ."

"ನೀವ ಹೇಳ್ರಿ ಮತ್ತ."

ತೂಕದ ಲೆಕ್ಕದಲ್ಲಿ ತೆಳ್ಳನೆಯ ಪುಸ್ತಕ ಲಾಭ, ದಪ್ಪ ಪುಸ್ತಕ ನಷ್ಟ. ಬಾಯಿಮಾತಿನ ಲೆಕ್ಕದಲ್ಲಿ ಉಲ್ಟಾ. ಗುಡ್ಡೆ ನೋಡಿ ಯಾವ ಲೆಕ್ಕ ಅಂತ ನೀವೇ ಮೊದಲು ತೀರ್ಮಾನ ಮಾಡಿಕೊಂಡಿರಿ. ಆದರೆ ಅತಿಯಾಗಿ ಎಳೆಯಬೇಡಿ. ರದ್ದಿಯವರು ಗಾಡಿಯವರಿಗೆ ಕಿಲೋಗೆ ಇಂತಿಷ್ಟು ಕೊಟ್ಟೇ ತಂದಿರುತ್ತಾರೆ. ಆ ಫಸಲಿ ಪುಸ್ತಕಕ್ಕೆ ಚಾಚಾ ಕೇಳಿದ್ದು ಹತ್ತು ರೂಪಾಯಿ, ಅಕ್ಕ ಕೊಟ್ಟದ್ದು ನೂರು. ಓದಿ ಹೇಳಿದ್ದು ಅವನೇ ಅಲ್ಲವಾ?

ಆಮೇಲೆ ಮಿರ್ಚಿ ಭಜಿ ತಿನ್ನುವ ಕಾರ್ಯಕ್ರಮ ಇದ್ದರೆ ಮೊದಲು ಚೀಲದ ಬಾಯಿ ಕಟ್ಟಿ. ಎಣ್ಣೆಗೈ ಮುಟ್ಟಿದ ಕಲೆ ಕಾಗದದಿಂದ ಹೋಗೋದಿಲ್ಲ.

ಮನೆಗೆ ತಂದ ಮೇಲೆ

ನೇರ ಕಪಾಟಿಗೆ ಹೋಗಬಾರದು. ಒಂದು ಹುಳ ಹತ್ತಿದ ಪುಸ್ತಕ ಇಡೀ ಸಾಲು ತಿನ್ನಿಸುತ್ತದೆ, ನಮ್ಮ ಮನೆಯಲ್ಲಿ ಹಾಗೇ ಆಗಿ ಇಪ್ಪತ್ತು ಪುಸ್ತಕ ಒಲೆಗೆ ಹೋದವು. ವರಾಂಡದ ನೆರಳಲ್ಲಿ, ಗಾಳಿಯಾಡುವ ಕಡೆ ಪುಟ ಬಿಡಿಸಿ ಎರಡು ದಿನ ನಿಲ್ಲಿಸಿ. ಬಿಸಿಲಿಗೆ ಇಡಬೇಡಿ; ನಮ್ಮ ಬಿಸಿಲು ಹುಳದ ಜೊತೆ ಕಾಗದವನ್ನೂ ಒಣಗಿಸಿ ಮುರಿಯುತ್ತದೆ. ಮೆತ್ತನೆ ಬ್ರಶ್ಶಿನಿಂದ ಬೆನ್ನಿನ ಸಂದಿಯ ಧೂಳು ತೆಗೆಯಿರಿ. ಕಮಟು ವಾಸನೆ ಇದ್ದರೆ ಮುಚ್ಚಳದ ಡಬ್ಬಿಯಲ್ಲಿ ಒಂದು ಬಟ್ಟಲು ಅಡುಗೆ ಸೋಡಾದ ಜೊತೆ ನಾಲ್ಕೈದು ದಿನ ಇಡಿ, ಸೋಡಾ ಪುಸ್ತಕಕ್ಕೆ ತಾಗಬಾರದು.

ಹುಳದ ಅನುಮಾನ ಇದ್ದರೆ ಪ್ಲಾಸ್ಟಿಕ್ ಚೀಲ ಎರಡು ಸುತ್ತು ಹಾಕಿ ಗಾಳಿ ಹೋಗದ ಹಾಗೆ ಕಟ್ಟಿ ಫ್ರಿಜ್ಜಿನ ಫ್ರೀಜರಿನಲ್ಲಿ ಒಂದು ವಾರ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ಪುಟದ ಮೇಲೆ ನೀರು ಕೂರುತ್ತದೆ. ಮನೆಯವರಿಗೆ ಮೊದಲೇ ಹೇಳಿಡಿ. ಬಟಾಣಿ ಹುಡುಕುತ್ತ ಫ್ರೀಜರ್ ತೆಗೆದ ಅವ್ವನಿಗೆ ಒಂದು ವ್ಯಾಕರಣ ಪುಸ್ತಕ ಸಿಕ್ಕು ಆ ದಿನ ಪಲ್ಯವೇ ಆಗಲಿಲ್ಲ.

ಹರಿದ ಹಾಳೆಗೆ ಸೆಲ್ಲೋ ಟೇಪ್ ಹಚ್ಚಲೇಬೇಡಿ, ಕೆಲವೇ ವರ್ಷದಲ್ಲಿ ಹಳದಿಯಾಗಿ ಅಕ್ಷರವನ್ನೂ ಎಳೆದುಕೊಂಡು ಹೋಗುತ್ತದೆ. ತುಕ್ಕು ಹಿಡಿದ ಪಿನ್ನು ತೆಗೆದು ದಾರ ಹಾಕಿ. ದೊಡ್ಡ ರಿಪೇರಿ ಬೈಂಡಿಂಗ್ ಅಂಗಡಿಯವರಿಗೆ ಬಿಡಿ, ಆದರೆ ಅಂಚು ಕತ್ತರಿಸಬೇಡಿ ಅಂತ ಎರಡೆರಡು ಸಲ ಹೇಳಿ. ಹೇಳದಿದ್ದರೆ ಮೂರೂ ಬದಿ ಕಟಿಂಗ್ ಕೊಟ್ಟು ಪುಟದ ಅಂಕಿಗಳನ್ನೇ ಹಾರಿಸುತ್ತಾರೆ.

ಕಡೆಗೆ ಪೆನ್ಸಿಲಿನಲ್ಲಿ ಹಿಂದಿನ ರಟ್ಟಿನ ಒಳಗೆ ತಾರೀಕು, ಅಂಗಡಿ, ಕೊಟ್ಟ ರೂಪಾಯಿ ಬರೆಯಿರಿ. ನಮ್ಮಲ್ಲಿ ಅದರ ಮುಂದೆ "ಬ್ಯಾ" ಅಂತ ಒಂದು ಗುರುತೂ ಇರುತ್ತದೆ. ಅಕ್ಕ ಬೇಡ ಅಂದರೂ ನಾನು ತಂದದ್ದು ಅಂತ ಅರ್ಥ.

ವರ್ಷಕ್ಕೊಮ್ಮೆ, ದೀಪಾವಳಿಯ ಮುಂಚೆ, "ಬ್ಯಾ" ಗುರುತಿನ ಪುಸ್ತಕಗಳನ್ನೆಲ್ಲ ಅಕ್ಕ ಹೊರಗೆ ಎಳೆಯುತ್ತಾಳೆ. ಓದಿದ್ದರೆ ಉಳಿಯುತ್ತದೆ, ಓದದಿದ್ದರೆ ಚಾಚಾನ ಕಾಟಾ ಮೇಲೆ ಹೋಗುತ್ತದೆ. ಕೊಂಡದ್ದಕ್ಕಿಂತ ಕಡಿಮೆ ದರಕ್ಕೆ, ತೂಕದ ಲೆಕ್ಕದಲ್ಲಿ. ಹೋದ ಸಲ ಹದಿನಾಲ್ಕು ಪುಸ್ತಕ ಒಯ್ದಿದ್ದೆವು. ಚಾಚಾ ಒಂದೊಂದೇ ಕಾಟಾ ಮೇಲಿಟ್ಟು, ಅದರಲ್ಲಿ ಮೂರನ್ನ ಕೆಳಗಿಳಿಸಿ ಬೆಂಚಿನ ಮೇಲೆ ಬೇರೆ ಇಟ್ಟ. ಯಾಕೆ ಅಂದೆ.

"ಇವು ಇರ್ಲಿ ಸಾಬ್. ಮುಂದಿನ ವಾರ ನೀವೇ ಬಂದು ಕೇಳ್ತೀರಿ."

ಅಕ್ಕ ನನ್ನ ಮುಖ ನೋಡಿದಳು. ನಾನು ಚಹಾ ತರಲು ಹೋದೆ.